ಹ್ಯಾಂಡ್ ಗೇರಿನ ಅಂಬಾಸಿಡರ್: ಹದಿನಾಲ್ಕು ವರ್ಷ ಓಡಿಸಿದ ಮೇಲೆ ಗೇರ್‌ಬಾಕ್ಸಿನ ಬಗ್ಗೆ

ನಮ್ಮ ತಂದೆಯವರ 1984ರ ಅಂಬಾಸಿಡರ್ ಮಾರ್ಕ್ 4 ನನ್ನ ಕೈಗೆ ಬಂದು ಹದಿನಾಲ್ಕು ವರ್ಷಗಳಾದವು. ಅದರ 1489 ಸಿಸಿ ಪೆಟ್ರೋಲ್ ಎಂಜಿನ್ ನನ್ನನ್ನು ದಾರಿಯಲ್ಲಿ ಕೈಬಿಟ್ಟದ್ದು ತೀರ ಕಡಿಮೆ. ನನ್ನ ಹಣವನ್ನೂ ತಾಳ್ಮೆಯನ್ನೂ ಬೇಡಿದ್ದು ನಾಲ್ಕು ಗೇರಿನ ಪೆಟ್ಟಿಗೆ ಮತ್ತು ಸ್ಟೀರಿಂಗಿನ ಪಕ್ಕದಲ್ಲಿರುವ ಅದರ ಲಿವರ್.

ಈ ಪೆಟ್ಟಿಗೆಯ ಮೊದಲ ಗೇರಿಗೆ ಸಿಂಕ್ರೋಮೆಶ್, ಅಂದರೆ ಗೇರು ಸೇರುವ ಮೊದಲು ಎರಡೂ ಕಡೆಯ ವೇಗವನ್ನು ಹೊಂದಿಸುವ ವ್ಯವಸ್ಥೆ, ಇಲ್ಲ; ಅದರ ಹಲ್ಲುಗಳೂ ನೇರವಾಗಿ ಕೊರೆದವು. ಆದ್ದರಿಂದ ಮೊದಲ ಗೇರಿನಲ್ಲಿ ಕೇಳುವ ಗುಂಯ್‌ಗುಡುವ ಸದ್ದಾಗಲಿ, ಗಾಡಿ ಪೂರ್ತಿ ನಿಲ್ಲುವ ಮೊದಲೇ ಆ ಗೇರಿಗೆ ಎಳೆದಾಗ ಬರುವ ಕರಕರ ಸದ್ದಾಗಲಿ ಕಾಯಿಲೆಯ ಲಕ್ಷಣವಲ್ಲ. ಸೋಮೇಶ್ವರದಿಂದ ಆಗುಂಬೆ ಘಾಟಿಯ 14 ತಿರುವುಗಳನ್ನು ಹತ್ತುವಾಗ ನಾನು ಕ್ಲಚ್ ತುಳಿದು ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು ಸ್ವಲ್ಪ ಆಕ್ಸಿಲರೇಟರ್ ಕೊಟ್ಟು, ಮತ್ತೆ ಕ್ಲಚ್ ತುಳಿದು ಮೊದಲ ಗೇರಿಗೆ ಹಾಕುತ್ತೇನೆ. ಅಭ್ಯಾಸವಾದರೆ ಸದ್ದೇ ಬರುವುದಿಲ್ಲ.

ನಿಜವಾದ ತೊಂದರೆ ಆರನೆಯ ವರ್ಷದಲ್ಲಿ ಶುರುವಾಯಿತು. ಸಿಗ್ನಲ್‌ಗಳಲ್ಲಿ ಲಿವರ್ ಎರಡು ಗೇರುಗಳ ನಡುವೆ ಸಿಕ್ಕಿಕೊಂಡು ಗಾಡಿ ನಿಂತಲ್ಲೇ ನಿಲ್ಲತೊಡಗಿತು. ಒಂದು ಗ್ಯಾರೇಜಿನವರು ಪೆಟ್ಟಿಗೆ ಇಳಿಸಲೇಬೇಕೆಂದರು, ನಾನೂ ಒಪ್ಪಿದೆ. ಉಳಿದ ಗೇರುಗಳ ಸಿಂಕ್ರೋಮೆಶ್‌ನ ರಿಂಗುಗಳನ್ನು (ಸಿಂಕ್ರೋ ರಿಂಗು) ಬದಲಾಯಿಸಿ ಜೋಡಿಸಿದ ಮೂರೇ ವಾರಕ್ಕೆ ಅದೇ ಕಥೆ. ಕೊನೆಗೆ ಶಿವಮೊಗ್ಗದ ಹಿರಿಯ ಮೆಕ್ಯಾನಿಕ್ ಒಬ್ಬರು ಬಾನೆಟ್ ಎತ್ತಿ, ಸ್ಟೀರಿಂಗ್ ಕಂಬದ ಬುಡದಲ್ಲಿ, ರಾಡುಗಳ ಮೂಲಕ ಪೆಟ್ಟಿಗೆಗೆ ಸೇರುವ ಲಿವರುಗಳನ್ನು ಕೈಯಲ್ಲಿ ಅಲ್ಲಾಡಿಸಿ, ಅವುಗಳ ಕೀಲಿನಲ್ಲಿ ಸವೆದು ಸಡಿಲವಾಗಿದ್ದ ಬುಷ್‌ಗಳನ್ನು (ಕೀಲಿನೊಳಗಿನ ಬಳೆಗಳನ್ನು) ತೋರಿಸಿದರು. ಬುಷ್ ಸವೆದರೆ ಒಂದು ಗೇರು ಪೂರ್ತಿ ಬಿಡುವ ಮೊದಲೇ ಲಿವರ್ ಇನ್ನೊಂದನ್ನು ಹಿಡಿಯಲು ಹೋಗಿ ಎರಡರ ನಡುವೆ ಸಿಕ್ಕಿಕೊಳ್ಳುತ್ತದೆ. ಬುಷ್ ಹಾಕಿ ರಾಡುಗಳನ್ನು ಸರಿಹೊಂದಿಸಿದ ಒಂದು ಮಧ್ಯಾಹ್ನದ ಕೆಲಸಕ್ಕೆ, ಪೆಟ್ಟಿಗೆ ಇಳಿಸಿದ್ದಕ್ಕೆ ತೆತ್ತ ಹಣದ ಹತ್ತನೆಯ ಒಂದು ಭಾಗವೂ ಆಗಲಿಲ್ಲ. ಹೊರಗಿನ ಜೋಡಣೆಯನ್ನು ನೋಡದೆ ಪೆಟ್ಟಿಗೆ ಬಿಚ್ಚಲು ಯಾರಿಗೂ ಒಪ್ಪಿಗೆ ಕೊಡಬೇಡಿ ಎಂದು ನಾನು ಒತ್ತಿ ಹೇಳುವುದು ಇದೇ ಕಾರಣಕ್ಕೆ.

ಆ ಮೊದಲ ಗ್ಯಾರೇಜು ಇನ್ನೊಂದು ಹಾನಿಯನ್ನೂ ಮಾಡಿತ್ತು. ಎಂಜಿನ್ನಿನ ಬಲವನ್ನು ಹಿಂದಿನ ಎರಡು ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್‌ಗೆ ಹಾಕುವ ಜಿಎಲ್-5 ದರ್ಜೆಯ ಎಣ್ಣೆಯನ್ನೇ ಗೇರ್‌ಬಾಕ್ಸಿಗೂ ತುಂಬಿತ್ತು. ಅದರಲ್ಲಿರುವ ಗಂಧಕ ಮತ್ತು ರಂಜಕದ ಸೇರ್ಪಡೆಗಳು ಡಿಫರೆನ್ಷಿಯಲ್‌ನ ಹಲ್ಲುಗಳನ್ನು ಕಾಯುತ್ತವೆ ನಿಜ, ಆದರೆ ಹಿತ್ತಾಳೆ ಜಾತಿಯ ಸಿಂಕ್ರೋ ರಿಂಗುಗಳಿಗೆ ಅವು ಒಗ್ಗುವುದಿಲ್ಲ. ಎರಡು ವರ್ಷದೊಳಗೆ ಎರಡನೆಯ ಗೇರು ನರಳತೊಡಗಿತು. ಎಣ್ಣೆ ಇಳಿಸಿದಾಗ ಅದರಲ್ಲಿ ಹೊಂಬಣ್ಣದ ಹೊಳಪಿತ್ತು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಎರಡು ದಿನ ಅಲೆದು ಹಳೆಯ ದಾಸ್ತಾನಿನ ರಿಂಗ್ ತಂದು ಹಾಕಿಸಿದೆ. ಅಂಬಾಸಿಡರ್ ತಯಾರಿಕೆಯೇ 2014ರಲ್ಲಿ ನಿಂತಿದೆ. ಮಾರ್ಕ್ 4ರ ನಂತರ ಬಂದ ಇಸುಜು ಎಂಜಿನ್ನಿನ ಅಂಬಾಸಿಡರ್‌ಗಳದ್ದು ಐದು ಗೇರಿನ ಬೇರೆಯೇ ಪೆಟ್ಟಿಗೆಯಾದ್ದರಿಂದ ಅದರ ಬಿಡಿಭಾಗ ಇದಕ್ಕೆ ಬರುವುದಿಲ್ಲ.

ಈಗ ಉಳಿದಿರುವುದು ಒಂದೇ ತೊಂದರೆ: ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಮೂರನೆಯ ಗೇರು ಒಮ್ಮೊಮ್ಮೆ ತಾನಾಗಿ ಕಳಚಿಕೊಳ್ಳುತ್ತದೆ. ಗೇರನ್ನು ಅದರ ಜಾಗದಲ್ಲೇ ನಿಲ್ಲಿಸುವ ಗುಂಡನ್ನು ಒತ್ತಿ ಹಿಡಿಯುವ ಸ್ಪ್ರಿಂಗ್ ಬದಲಾಯಿಸಿದ್ದರಿಂದ ಅರ್ಧದಷ್ಟು ಸರಿಹೋಗಿದೆ, ಹಲ್ಲುಗಳ ಸವೆತ ಉಳಿದಿದೆ. ಈ ಮಳೆಗಾಲದಲ್ಲಿ ಗಾಡಿ ಶೆಡ್ಡಿನಲ್ಲಿರುವಾಗ ಅದೇ ಹಿರಿಯರ ಕೈಯಲ್ಲಿ ಪೆಟ್ಟಿಗೆ ಬಿಚ್ಚಿಸುವವನಿದ್ದೇನೆ. ಅಲ್ಲಿಯವರೆಗೆ ಘಾಟಿ ಇಳಿಯುವಾಗ ಎಡಗೈ ಲಿವರಿನ ಮೇಲೆಯೇ ಇರುತ್ತದೆ.