ರೈಲಿಗೊಂದು, ಮನೆಗೊಂದು: ಮೂರು ಹೆಡ್‌ಫೋನುಗಳ ಹೋಲಿಕೆ

ಮಂಡ್ಯದಿಂದ ಮೈಸೂರಿಗೆ ದಿನವೂ ರೈಲಿನಲ್ಲಿ ಓಡಾಡುವ ನನಗೆ ಜೇಬಿನ ಪುಟ್ಟ ಮ್ಯೂಸಿಕ್ ಪ್ಲೇಯರೇ ಜೊತೆ. ಒಂದು ರಾತ್ರಿ ಎಡಗಿವಿಯಲ್ಲಿ ಶುರುವಾದ ಗುಂಯ್ ಎಂಬ ಸದ್ದು ಬೆಳಗಾದ ಮೇಲಷ್ಟೇ ಇಳಿಯಿತು. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಹೋಗಿ ಪರೀಕ್ಷೆ ಮಾಡಿಸಿಕೊಂಡೆ. ಸದ್ಯಕ್ಕೆ ದೋಷವೇನೂ ಕಾಣಲಿಲ್ಲವಾದರೂ, ಒಳಗಿವಿಯಲ್ಲಿ ಸದ್ದನ್ನು ಗ್ರಹಿಸುವ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ ಎಂಬ ಮಾತು ತಲೆಯಲ್ಲಿ ಉಳಿಯಿತು.

ಆಮೇಲೆ ಮೂರು ಬಗೆಯ ಹೆಡ್‌ಫೋನುಗಳನ್ನು ಒಂದೊಂದು ವಾರ ಬಳಸಿ, ದೊರೆಸ್ವಾಮಿ ಅಯ್ಯಂಗಾರರ ಒಂದೇ ವೀಣಾವಾದನವನ್ನು ರಾತ್ರಿ ಮನೆಯಲ್ಲಿಯೂ ಬೆಳಿಗ್ಗೆ ರೈಲಿನಲ್ಲಿಯೂ ಕೇಳಿ, ಗಮಕದ ಕೊನೆಯ ಎಳೆ ಕೇಳಿಸಲು ವಾಲ್ಯೂಮ್ ಎಷ್ಟಿರಬೇಕಾಯಿತೆಂದು ಬರೆದಿಟ್ಟೆ. ಒಂದೇ ಅಂಕಿಗೆ ಒಂದು ಹೆಡ್‌ಫೋನ್ ಜೋರಾಗಿಯೂ ಇನ್ನೊಂದು ಮೆಲ್ಲಗೂ ನುಡಿಯುವುದರಿಂದ, ಅಂಕಿಗಿಂತ ಮನೆಗೂ ರೈಲಿಗೂ ಇರುವ ಅಂತರವೇ ಮುಖ್ಯ.

ಪ್ಲೇಯರಿನೊಂದಿಗೆ ಬಂದ, ಕಿವಿಯ ಹೊರಗುಳಿಯಲ್ಲಿ ಸುಮ್ಮನೆ ಕೂರುವ ಇಯರ್‌ಬಡ್‌ಗೆ ಮನೆಯಲ್ಲಿ 11 ಸಾಕಾಗಿತ್ತು. ರೈಲಿನಲ್ಲಿ 22 ಬೇಕಾಯಿತು, ಶ್ರೀರಂಗಪಟ್ಟಣದ ಬಳಿ ಕಾವೇರಿಯ ಸೇತುವೆ ದಾಟುವಾಗ ಕೈ ತಾನಾಗಿ 25ಕ್ಕೆ ಹೋಯಿತು. ಸೇತುವೆ ದಾಟಿದ ಮೇಲೆ ಅದನ್ನು ಇಳಿಸುವುದು ನೆನಪಾಗುವುದಿಲ್ಲ, ಅಪಾಯವಿರುವುದು ಅಲ್ಲಿಯೇ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬಲ್‌ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು, 90 ಆದರೆ 4 ಗಂಟೆ ಮಾತ್ರ. ನನ್ನ ಪ್ರಯಾಣವೇ ವಾರಕ್ಕೆ ಅದಕ್ಕಿಂತ ಹೆಚ್ಚು.

ರಬ್ಬರ್ ತುದಿಯ ಇನ್‌-ಇಯರ್‌ನಲ್ಲಿ ಅಂಕಿ 9ರಿಂದ 12ಕ್ಕೆ ಏರಿತು, ಅಷ್ಟೆ. ಆದರೆ ಮೊದಲ ಎರಡು ದಿನ ಹಾಗಾಗಲಿಲ್ಲ: ತುದಿ ಚಿಕ್ಕದಾಗಿದ್ದರಿಂದ ಗಾಳಿ ಸಂದಿಯಲ್ಲಿ ಸೋರಿ, ಮಂದ್ರಸ್ಥಾಯಿಯೇ ಮಾಯವಾಗಿ, ನಾನು ಮತ್ತೆ ವಾಲ್ಯೂಮ್ ಏರಿಸಿದ್ದೆ. ಪೆಟ್ಟಿಗೆಯಲ್ಲಿದ್ದ ದೊಡ್ಡ ತುದಿ ಹಾಕಿ, ಕಿವಿಯನ್ನು ಸ್ವಲ್ಪ ಮೇಲಕ್ಕೆಳೆದು ಒಳಗೆ ಕೂರಿಸಿದ ಮೇಲೆ ಸರಿಹೋಯಿತು. ತಂತಿ ಅಂಗಿಗೆ ಉಜ್ಜಿದ ಸದ್ದು ಕೇಳುತ್ತದೆ, ನಡೆದರೆ ಹೆಜ್ಜೆಯೂ ತಲೆಯೊಳಗೆ ಗುದ್ದುತ್ತದೆ. ಪ್ಲಾಟ್‌ಫಾರಂ ಬಂದೊಡನೆ ಇದನ್ನು ತೆಗೆಯಲೇಬೇಕು.

ಮೂರನೆಯದು ಹೊರಗಿನ ಗದ್ದಲವನ್ನು ಅದಕ್ಕೆ ವಿರುದ್ಧವಾದ ಧ್ವನಿಯ ಅಲೆಯಿಂದ ಅಳಿಸುವ ದೊಡ್ಡ ಹೆಡ್‌ಫೋನ್. ಗಾಲಿಗಳ ಗುಡುಗುಡು ಹತ್ತಿಯೊಳಗೆ ಹೋದಂತೆ ಅಡಗಿತು. ಆದರೆ ಅದು ಚೆನ್ನಾಗಿ ಅಳಿಸುವುದು ತಗ್ಗು ಶ್ರುತಿಯ, ಏಕತಾನದ ಸದ್ದನ್ನೇ ಹೊರತು ‘ವಡೆ, ವಡೆ’ ಎಂಬ ಕೂಗನ್ನಲ್ಲ. ಇಲ್ಲಿಯೂ ಅಂತರ 3. ಬೆಲೆ ಮಾತ್ರ ಇನ್‌-ಇಯರ್‌ನ ಏಳೆಂಟು ಪಟ್ಟು, ಏಪ್ರಿಲ್ ಸೆಖೆಯಲ್ಲಿ ಕಿವಿಯ ಸುತ್ತ ಬೆವರು ಬೇರೆ.

ರೈಲಿಗೆ ಇನ್‌-ಇಯರ್ ಅನ್ನೇ ಇಟ್ಟುಕೊಂಡು, ಪ್ಲೇಯರಿನ ಗರಿಷ್ಠ ಮಿತಿಯನ್ನು 14ಕ್ಕೆ ಕಟ್ಟಿದ್ದೇನೆ. ಹಳೆಯ ಇಯರ್‌ಬಡ್ ಈಗ ರಾತ್ರಿಯ ಪಾಲಿಗೆ, ಅದೇ 11ರಲ್ಲಿ.