ಟಿಮ್ ಪೀಕ್ ಇಳಿದು ಬಂದ ಸೊಯುಝ್ ಕೋಶ: ಲಂಡನ್ನಿನ ಸೈನ್ಸ್ ಮ್ಯೂಸಿಯಂನಲ್ಲಿ ಅರ್ಧ ದಿನ

ಲಂಡನ್ನಿಗೆ ಬರುವ ನಮ್ಮ ಕಡೆಯವರು ನೋಡುವ ಜಾಗಗಳ ಪಟ್ಟಿಯಲ್ಲಿ ಬಿಗ್ ಬೆನ್ ಗಡಿಯಾರ, ಥೇಮ್ಸ್ ದಂಡೆಯ ಬಸವಣ್ಣನವರ ಪುತ್ಥಳಿ, ಒಂದು ಅರಮನೆ, ಒಂದೆರಡು ಸೇತುವೆ ತಪ್ಪದೆ ಇರುತ್ತವೆ. ಸೌತ್ ಕೆನ್ಸಿಂಗ್ಟನ್ನಿನ ಸೈನ್ಸ್ ಮ್ಯೂಸಿಯಂ ಆ ಪಟ್ಟಿಗೆ ಸೇರುವುದು ಜೊತೆಯಲ್ಲಿ ಮಕ್ಕಳಿದ್ದರೆ ಮಾತ್ರ. ರೆಡಿಂಗ್ ಊರಿನ ಮಗಳ ಮನೆಯಲ್ಲಿ ಎರಡು ತಿಂಗಳು ಇದ್ದ ನಾನು ಅಲ್ಲಿಗೆ ಹೋದದ್ದೂ ಒಂಬತ್ತು ವರ್ಷದ ಮೊಮ್ಮಗನ ನೆಪದಲ್ಲಿಯೇ. ಆದರೆ ಬೆಂಗಳೂರಿನ ಹೆಲಿಕಾಪ್ಟರ್ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ರೋಟರ್ ಬ್ಲೇಡುಗಳ ನಡುವೆ ಕಳೆದ ನನಗೆ, ಅಲ್ಲಿರುವ ಒಂದು ವಸ್ತುವನ್ನು ನೋಡಲೇಬೇಕೆಂಬ ಆಸೆ ಬಹಳ ದಿನಗಳಿಂದ ಇತ್ತು. ಅದು ಬ್ರಿಟಿಷ್ ಸೇನೆಯ ಹೆಲಿಕಾಪ್ಟರ್ ಪೈಲಟ್ ಆಗಿದ್ದ ಟಿಮ್ ಪೀಕ್ ಅವರು 2016ರ ಜೂನ್ 18ರಂದು ಬಾಹ್ಯಾಕಾಶದಿಂದ ಕಝಾಕಸ್ತಾನದ ಹುಲ್ಲುಗಾವಲಿಗೆ ಇಳಿದು ಬಂದ ರಷ್ಯಾದ ಸೊಯುಝ್ ಟಿಎಂಎ-19ಎಂ ನೌಕೆಯ ಕೋಶ, ಅಂದರೆ ಯಾತ್ರಿಗಳು ಕುಳಿತು ಭೂಮಿಗೆ ಮರಳುವ ಭಾಗ.

ವ್ಯವಸ್ಥೆಯ ವಿಷಯ ಮೊದಲು ಹೇಳಿ ಮುಗಿಸುತ್ತೇನೆ. ಪ್ರವೇಶ ಉಚಿತ, ಅಂತರ್ಜಾಲದಲ್ಲಿ ಮುಂಚಿತವಾಗಿ ಸಮಯ ಕಾಯ್ದಿರಿಸಿಕೊಂಡರೆ ಒಳ್ಳೆಯದು. ಸೌತ್ ಕೆನ್ಸಿಂಗ್ಟನ್ ನಿಲ್ದಾಣದಿಂದ ನೆಲದಡಿಯ ಸುರಂಗಮಾರ್ಗವೊಂದು ವಸ್ತುಸಂಗ್ರಹಾಲಯಗಳ ಕಡೆಗೆ ಹೋಗುವುದರಿಂದ ಮಳೆಯ ದಿನವೂ ಹೆಚ್ಚು ನೆನೆಯಬೇಕಾಗಿಲ್ಲ. ಹತ್ತು ಗಂಟೆಗೆ ಬಾಗಿಲು ತೆರೆಯುತ್ತಿದ್ದಂತೆಯೇ ಒಳಗೆ ಹೋದರೆ ಕೋಶದ ಮುಂದೆ ನೆಮ್ಮದಿಯಾಗಿ ನಿಲ್ಲಬಹುದು, ಹನ್ನೊಂದರ ಮೇಲೆ ಶಾಲೆಯ ಮಕ್ಕಳ ಸಾಲುಗಳು ಬರತೊಡಗುತ್ತವೆ.

ಕೋಶವನ್ನು ಮೊದಲು ಕಂಡಾಗ ಆಗುವ ಭಾವನೆ, ಇಷ್ಟು ಚಿಕ್ಕದೇ ಎಂಬುದು. ಎತ್ತರ ಎರಡು ಮೀಟರಿಗಿಂತ ಸ್ವಲ್ಪ ಹೆಚ್ಚು, ಬುಡದ ಅಗಲವೂ ಹೆಚ್ಚು ಕಡಿಮೆ ಅಷ್ಟೇ. ಆಕಾರ ದೇವಸ್ಥಾನದ ಗಂಟೆಯದು. ನಮ್ಮ ಹಳೆಯ ಮನೆಗಳ ಅಟ್ಟದ ಕೆಳಗೆ ನುಗ್ಗಿಸಿಟ್ಟ ಹಿತ್ತಾಳೆ ಹಂಡೆಯನ್ನು ಯಾರೋ ಹತ್ತು ಪಾಲು ಹಿಗ್ಗಿಸಿ ಒಲೆಯ ಮೇಲೆ ಮರೆತುಬಿಟ್ಟಂತೆ ಮೈಯೆಲ್ಲ ಕರಿ ಹಿಡಿದಿದೆ. ಕರಿ ಎಂದರೆ ಒಂದೇ ಬಣ್ಣವಲ್ಲ: ಒಂದು ಕಡೆ ಕಬ್ಬಿಣದ ಬಾಣಲೆಯ ತಳದ ಕಪ್ಪು, ಇನ್ನೊಂದು ಕಡೆ ಸುಟ್ಟ ಹಲಸಿನ ಸಿಪ್ಪೆಯ ಕಂದು. ಕೋಶದ ಹೊರಮೈ ಹೀಗೆ ಉರಿಯುವುದು ಅಪಘಾತವಲ್ಲ, ಅದರ ಕೆಲಸವೇ ಅದು. ವಾತಾವರಣವನ್ನು ಸೀಳಿಕೊಂಡು ಬರುವಾಗ ಮೇಲಿನ ಪದರ ತಾನು ಸುಟ್ಟು ಕರಗಿ ಶಾಖವನ್ನು ಒಯ್ಯುವುದರಿಂದಲೇ ಒಳಗಿನವರು ಉಳಿಯುತ್ತಾರೆ. ಬುಡದ ದಪ್ಪ ಶಾಖಕವಚ ಇಳಿಯುವ ಮುನ್ನವೇ ಕಳಚಿ ಬೀಳುತ್ತದೆ, ಸಾವಿರ ಚದರ ಮೀಟರಿನ ಪ್ಯಾರಾಚೂಟ್ ವೇಗವನ್ನು ತಗ್ಗಿಸುತ್ತದೆ, ನೆಲ ಇನ್ನೇನು ಒಂದು ಮೀಟರಿನಷ್ಟು ಇದೆ ಎನ್ನುವಾಗ ಬುಡದ ಚಿಕ್ಕ ರಾಕೆಟ್ಟುಗಳು ಕ್ಷಣಕಾಲ ಉರಿಯುತ್ತವೆ. ಅಷ್ಟಾದರೂ ಆ ಹೊಡೆತವನ್ನು ತಡೆಯಲು ಪ್ರತಿಯೊಬ್ಬರ ಮೈ ಅಚ್ಚು ತೆಗೆದು ಮಾಡಿದ ಆಸನದ ಒಳಹಾಸು ಬೇಕಾಗುತ್ತದೆ.

"ತಾತ, ಇದು ಕೆಟ್ಟು ಹೋಗಿದೆಯಲ್ಲ, ಯಾಕೆ ಇಟ್ಟಿದ್ದಾರೆ?" ಎಂದು ಮೊಮ್ಮಗ ಕೇಳಿದ. ಕೆಟ್ಟಿಲ್ಲ ಮಗು, ಮೂರು ಜನರನ್ನು ಜೀವಸಹಿತ ಕೆಳಗಿಳಿಸಿ ಕೆಲಸ ಮುಗಿಸಿದೆ ಎಂದೆ. ಅವನಿಗೆ ಒಪ್ಪಿಗೆಯಾಯಿತೋ ಇಲ್ಲವೋ, ಮೂರು ಜನ ಹೇಗೆ ಹಿಡಿಯುತ್ತಾರೆ ಎಂಬ ಎರಡನೆಯ ಪ್ರಶ್ನೆಗೆ ಮಾತ್ರ ನಾನು ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕುಳಿತೇ ತೋರಿಸಬೇಕಾಯಿತು. ಮಂಡಿಗಳು ಎದೆಯ ಕಡೆಗೆ ಬರುವಂತೆ ಮಡಿಸಿಕೊಂಡು, ಭುಜಕ್ಕೆ ಭುಜ ತಾಗುವಂತೆ, ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಿಂದ ಬಿಡಿಸಿಕೊಂಡಾಗಿನಿಂದ ನೆಲ ಮುಟ್ಟುವವರೆಗೆ ಸುಮಾರು ಮೂರೂವರೆ ಗಂಟೆ. ನಡುವಿನ ಆಸನದಲ್ಲಿ ರಷ್ಯಾದ ಯೂರಿ ಮಲೆಂಚೆಂಕೊ, ಅಕ್ಕಪಕ್ಕದಲ್ಲಿ ಅಮೆರಿಕದ ಟಿಮ್ ಕೋಪ್ರಾ ಮತ್ತು ಪೀಕ್.

ಮ್ಯೂಸಿಯಂ ಈ ಕೋಶವನ್ನು ಕೊಂಡದ್ದು 2016ರಲ್ಲಿ. 2017ರ ಜನವರಿಯಲ್ಲಿ ಸಾರ್ವಜನಿಕರಿಗೆ ತೋರಿಸತೊಡಗಿತು. ಆಮೇಲೆ ಅದು ಪ್ಯಾರಾಚೂಟಿನ ಸಮೇತ ಬ್ರಿಟನ್ನಿನ ಹಲವು ಊರುಗಳಿಗೆ ಪ್ರವಾಸ ಹೋಗಿ ಬಂದಿದೆ, ಪೀಟರ್‌ಬರೋ ಊರಿನ ಪ್ರಾಚೀನ ಚರ್ಚಿನೊಳಗೂ ನಿಂತಿತ್ತು. ನಮ್ಮಲ್ಲಿ ಉತ್ಸವಮೂರ್ತಿ ಊರೂರು ಸುತ್ತಿ ಬರುವಂತೆ ಎಂದರೆ ಯಾರೂ ತಪ್ಪು ತಿಳಿಯಬಾರದು. ಇಂಥ ಕೋಶವನ್ನು ನಾನು ಮೊದಲು ಕಂಡದ್ದು ದೆಹಲಿಯ ನೆಹರೂ ತಾರಾಲಯದಲ್ಲಿ. 1984ರ ಏಪ್ರಿಲ್‌ನಲ್ಲಿ ರಾಕೇಶ್ ಶರ್ಮಾ ಅವರು ಭೂಮಿಗೆ ಮರಳಿದ ಸೊಯುಝ್ ಟಿ-10 ಅಲ್ಲಿದೆ. ಎರಡರ ನಡುವೆ ಮೂವತ್ತೆರಡು ವರ್ಷಗಳ ಅಂತರವಿದ್ದರೂ ಆಕಾರ ಬದಲಾಗಿಲ್ಲವೆಂಬುದು ಯಂತ್ರದ ಕೆಲಸ ಮಾಡಿದವರಿಗೆ ಬಹಳ ಸಮಾಧಾನ ಕೊಡುವ ಸಂಗತಿ. ಸರಿಯಾಗಿ ನಡೆಯುತ್ತಿರುವುದನ್ನು ಸುಮ್ಮನೆ ಬಿಚ್ಚಬಾರದೆಂದು ನಮ್ಮ ಮೇಸ್ತ್ರಿಗಳೂ ಹೇಳುತ್ತಿದ್ದರು.

ಆದರೆ ಕೋಶ ಎಷ್ಟೇ ಮಾತನಾಡಿದರೂ ಅದು ಹೇಳುವುದು ಕಡೆಯ ಅಧ್ಯಾಯವನ್ನು. ಚಿಚೆಸ್ಟರ್‌ನಲ್ಲಿ 1972ರಲ್ಲಿ ಹುಟ್ಟಿದ, ಶಾಲೆ ಮುಗಿಸಿ ಪದವಿಗೆ ಹೋಗದೆ ಸೇನೆ ಸೇರಿದ ಹುಡುಗನೊಬ್ಬ ಅದರೊಳಗೆ ಬಂದು ಕುಳಿತದ್ದು ಹೇಗೆಂಬುದನ್ನು ನೋಡುಗನೇ ತನ್ನ ಜೊತೆ ತಿಳಿದುಕೊಂಡು ಹೋಗಬೇಕು. ಹಾಗೆ ಹೋದರೆ ಈ ಭೇಟಿಯ ಬೆಲೆ ದುಪ್ಪಟ್ಟಾಗುತ್ತದೆ ಎನ್ನುವುದು ನನ್ನ ಅನುಭವ. ಆ ಹಾದಿಯ ಮೊದಲ ಭಾಗ ಯಾವ ಸೇನಾಧಿಕಾರಿಯದಾದರೂ ಆಗಬಹುದಿತ್ತು. ಸ್ಯಾಂಡ್‌ಹರ್ಸ್ಟ್ ಅಕಾಡೆಮಿ, 1992ರಲ್ಲಿ ಸೇನೆಯ ವಾಯುದಳಕ್ಕೆ ನೇಮಕ, 1994ರಲ್ಲಿ ಹೆಲಿಕಾಪ್ಟರ್ ಪೈಲಟ್, 1998ರಲ್ಲಿ ಹಾರಾಟ ಕಲಿಸುವ ಬೋಧಕ, ಆಮೇಲೆ ಅಮೆರಿಕದ ಟೆಕ್ಸಸ್‌ನಲ್ಲಿ ಅಲ್ಲಿನ ಸೇನೆಯ ಜೊತೆ ಅಪಾಚೆ ಹೆಲಿಕಾಪ್ಟರ್. ಇಲ್ಲಿಯವರೆಗೆ ಬಾಹ್ಯಾಕಾಶದ ಸುಳಿವೂ ಇಲ್ಲ.

ತಿರುವು ಇರುವುದು ಬೋಸ್ಕಂಬ್ ಡೌನ್‌ನಲ್ಲಿ. ವಿಲ್ಟ್‌ಶೈರ್ ಪ್ರಾಂತ್ಯದ ಈ ವಾಯುನೆಲೆ, ಪ್ರವಾಸಿಗರೆಲ್ಲ ನೋಡಲು ಹೋಗುವ ಸ್ಟೋನ್‌ಹೆಂಜ್ ಕಲ್ಲುಗಳಿಂದ ಕೆಲವೇ ಕಿಲೋಮೀಟರ್ ದೂರದಲ್ಲಿದೆ. 1943ರಲ್ಲಿ ಅಲ್ಲಿ ಆರಂಭವಾದ ಎಂಪೈರ್ ಟೆಸ್ಟ್ ಪೈಲಟ್ಸ್ ಸ್ಕೂಲ್ ಹಾರುವುದನ್ನು ಕಲಿಸುವ ಶಾಲೆಯಲ್ಲ. ಚೆನ್ನಾಗಿ ಹಾರಬಲ್ಲವರಿಗೆ, ಯಂತ್ರ ಹೇಗೆ ಹಾರುತ್ತಿದೆ ಎಂಬುದನ್ನು ಅಳೆದು ಬರೆದುಕೊಡುವುದನ್ನು ಕಲಿಸುವ ಶಾಲೆ. ಬೆಂಗಳೂರಿಗೂ ಅದಕ್ಕೂ ಹಳೆಯ ನಂಟಿದೆ. ಹಳೆ ಮದ್ರಾಸ್ ರಸ್ತೆಯಿಂದ ಹಳೆಯ ವಿಮಾನ ನಿಲ್ದಾಣದ ಕಡೆಗೆ ಹೋಗುವ ಸುರಂಜನ್ ದಾಸ್ ರಸ್ತೆಯಲ್ಲಿ ದಿನವೂ ಟ್ರಾಫಿಕ್ಕಿಗೆ ಸಿಕ್ಕಿ ಬೈದುಕೊಳ್ಳುವ ಸಾವಿರಾರು ಜನರಲ್ಲಿ, ಆ ಹೆಸರಿನವರು 1961ರಲ್ಲಿ ಮಾರುತ್ ಯುದ್ಧವಿಮಾನವನ್ನು ಮೊದಲ ಬಾರಿಗೆ ಹಾರಿಸಿದ, ಇದೇ ಶಾಲೆಯಲ್ಲಿ ಓದಿ ಬಂದ ಟೆಸ್ಟ್ ಪೈಲಟ್ ಎಂದು ತಿಳಿದವರು ಎಷ್ಟಿದ್ದಾರೋ. ಭಾರತೀಯ ವಾಯುಪಡೆ ತನ್ನದೇ ಟೆಸ್ಟ್ ಪೈಲಟ್ ಶಾಲೆಯನ್ನು ಬೆಂಗಳೂರಿನಲ್ಲಿ ತೆರೆದದ್ದು 1973ರಲ್ಲಿ.

ಟೆಸ್ಟ್ ಪೈಲಟ್ ಎಂದರೆ ಸಿನಿಮಾದಲ್ಲಿ ಎದೆಗಾರಿಕೆಯ ಮನುಷ್ಯ. ಕಾರ್ಖಾನೆಯ ಅಂಗಳದಲ್ಲಿ ನಾನು ಕಂಡವರು ಹೆಚ್ಚು ಕಡಿಮೆ ಲೆಕ್ಕದ ಮೇಷ್ಟ್ರುಗಳಂತೆ ಇರುತ್ತಿದ್ದರು. ಸಾಮಾನ್ಯ ಪೈಲಟ್ ಇಳಿದು ಬಂದು "ಗಾಡಿ ಸ್ವಲ್ಪ ಅದರುತ್ತಪ್ಪಾ" ಎನ್ನುತ್ತಾನೆ. ಟೆಸ್ಟ್ ಪೈಲಟ್ ತೊಡೆಗೆ ಕಟ್ಟಿಕೊಂಡ ಹಲಗೆಯ ಮೇಲಿನ ಚೀಟಿ ನೋಡಿ, ಎಷ್ಟು ವೇಗದಲ್ಲಿ, ಎಷ್ಟು ಎತ್ತರದಲ್ಲಿ, ಎಡ ಆಸನದಲ್ಲೋ ಬಲ ಆಸನದಲ್ಲೋ, ರೋಟರಿನ ಒಂದು ಸುತ್ತಿಗೆ ಒಂದು ಅದುರೋ ನಾಲ್ಕೋ ಎಂದು ಹೇಳುತ್ತಾನೆ. ಒಂದು ಸುತ್ತಿಗೆ ಒಂದು ಎಂದರೆ ಯಾವುದೋ ಒಂದು ಬ್ಲೇಡಿನ ತೂಕ ಅಥವಾ ದಾರಿ ತಪ್ಪಿದೆ, ನಾವು ಏಣಿ ಹಾಕಿ ಸರಿಪಡಿಸಬಹುದು. ನಾಲ್ಕು ಬ್ಲೇಡಿನ ಯಂತ್ರದಲ್ಲಿ ನಾಲ್ಕು ಎಂದರೆ ಅದು ರೋಟರಿನ ಸಹಜ ಗುಣ, ವಿನ್ಯಾಸದವರ ಬಳಿಗೆ ಹೋಗಬೇಕು. ಈ ಒಂದು ವಾಕ್ಯ ಸರಿಯಾಗಿ ಬಂದರೆ ನಮಗೆ ಮೂರು ದಿನದ ಕೆಲಸ ಉಳಿಯುತ್ತಿತ್ತು. ಯಂತ್ರ ಹಿಡಿತಕ್ಕೆ ಎಷ್ಟು ಸಲೀಸು ಎಂಬುದಕ್ಕೂ ಅವರ ಬಳಿ ಒಂದರಿಂದ ಹತ್ತರವರೆಗಿನ ಕೂಪರ್-ಹಾರ್ಪರ್ ಮಾಪಕ ಇರುತ್ತದೆ. ಒಂದು ಉತ್ತಮ, ಹತ್ತು ಎಂದರೆ ಕೈಗೆ ಸಿಗದು. ತನ್ನ ಭಯವನ್ನೂ ಅಂಕೆಯಲ್ಲಿ ಬರೆಯುವ ಶಿಸ್ತು ಅದು.

ಪೀಕ್ 2005ರಲ್ಲಿ ಆ ಶಾಲೆಯಿಂದ ಹೊರಬಂದಾಗ ಹೆಲಿಕಾಪ್ಟರ್ ವಿಭಾಗದ ಅತ್ಯುತ್ತಮ ವಿದ್ಯಾರ್ಥಿಗೆ ಕೊಡುವ ವೆಸ್ಟ್‌ಲ್ಯಾಂಡ್ ಟ್ರೋಫಿ ಅವರಿಗೆ ಸಿಕ್ಕಿತು. ಮರುವರ್ಷ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದಿಂದ ಹಾರಾಟ ಶಾಸ್ತ್ರದಲ್ಲಿ ಪದವಿ ಬಂತು. ಆಗ ಅವರಿಗೆ ಮೂವತ್ನಾಲ್ಕು. ಈ ಎರಡು ವರ್ಷಗಳೇ ಇಡೀ ಹಾದಿಯ ಕೀಲು ಎಂದು ನನಗೆ ಅನಿಸುತ್ತದೆ, ಏಕೆಂದರೆ 2008ರಲ್ಲಿ ಐರೋಪ್ಯ ಬಾಹ್ಯಾಕಾಶ ಸಂಸ್ಥೆ ಗಗನಯಾತ್ರಿಗಳಿಗಾಗಿ ಅರ್ಜಿ ಕರೆದಾಗ, ಹದಿನೆಂಟರ ವಯಸ್ಸಿನಲ್ಲಿ ಪುಸ್ತಕ ಮಡಿಸಿಟ್ಟ ಸೇನಾಧಿಕಾರಿಯ ಕೈಯಲ್ಲಿ ವಿಜ್ಞಾನದ ಪದವಿಯೂ ಮೂರು ಸಾವಿರ ಗಂಟೆಗೆ ಹತ್ತಿರದ ಹಾರಾಟದ ದಾಖಲೆಯೂ ಒಟ್ಟಿಗೆ ಇದ್ದವು. ಬಂದ ಅರ್ಜಿಗಳು 8,413. ಹ್ಯಾಂಬರ್ಗ್‌ನಲ್ಲಿ ನೆನಪಿನ ಶಕ್ತಿ, ಮನಸ್ಸಿನಲ್ಲೇ ಲೆಕ್ಕ ಮಾಡುವುದು, ಏಕಕಾಲಕ್ಕೆ ಹಲವು ಕೆಲಸ ನಿಭಾಯಿಸುವುದು ಇವುಗಳ ಪರೀಕ್ಷೆ, ಆಮೇಲೆ ಮನೋವೈಜ್ಞಾನಿಕ ಸಂದರ್ಶನ, ವೈದ್ಯಕೀಯ ತಪಾಸಣೆ. 2009ರ ಮೇ ತಿಂಗಳಲ್ಲಿ ಆಯ್ಕೆಯಾದವರು ಆರು ಜನ. ಅವರಲ್ಲಿ ಇಟಲಿಯ ವಾಯುಪಡೆಯ ಪೈಲಟ್‌ಗಳಾದ ಸಮಂತಾ ಕ್ರಿಸ್ಟೊಫೊರೆಟ್ಟಿ, ಲೂಕಾ ಪರ್ಮಿತಾನೊ ಇದ್ದರು. ಜರ್ಮನಿಯ ಅಲೆಕ್ಸಾಂಡರ್ ಗೆರ್ಸ್ಟ್ ಭೂಭೌತ ವಿಜ್ಞಾನಿ. ಅಂದರೆ ಸೇನೆಯ ಕಾಕ್‌ಪಿಟ್ಟೇ ಏಕೈಕ ಬಾಗಿಲೆಂದು ಯಾರೂ ತಿಳಿಯಬೇಕಾಗಿಲ್ಲ. ಬ್ರಿಟನ್ನಿನಿಂದ ಮೊದಲು ಬಾಹ್ಯಾಕಾಶಕ್ಕೆ ಹೋದ ಹೆಲೆನ್ ಶಾರ್ಮನ್, 1991ರಲ್ಲಿ, ರಸಾಯನ ವಿಜ್ಞಾನದವರು.

ಆಯ್ಕೆಯಾದ ಮೇಲೆ ಆರೂವರೆ ವರ್ಷ ಕಾಯಬೇಕಾಯಿತು ಎಂಬುದನ್ನು ಬಹಳ ಜನ ಮರೆಯುತ್ತಾರೆ. ಜರ್ಮನಿಯ ಕಲೋನ್ ನಗರದ ಐರೋಪ್ಯ ಗಗನಯಾತ್ರಿ ಕೇಂದ್ರದಲ್ಲಿ ಮೂಲಭೂತ ತರಬೇತಿ 2010ರಲ್ಲಿ ಮುಗಿಯಿತು. ಆಮೇಲೆ ಸಾರ್ಡೀನಿಯ ದ್ವೀಪದ ಗುಹೆಯೊಳಗೆ ವಾಸ, 2012ರಲ್ಲಿ ಫ್ಲಾರಿಡಾದ ಬಳಿ ಸಮುದ್ರದಡಿಯ ಅಕ್ವೇರಿಯಸ್ ನೆಲೆಯಲ್ಲಿ ಹನ್ನೆರಡು ದಿನ, ಇದರ ಜೊತೆಗೆ ರಷ್ಯನ್ ಭಾಷೆ, ಏಕೆಂದರೆ ಸೊಯುಝ್‌ನ ಗುಂಡಿಗಳ ಮೇಲೆ ಇಂಗ್ಲಿಷ್ ಇರುವುದಿಲ್ಲ. ಆರು ಜನರಲ್ಲಿ ಅವರ ಸರದಿ ಐದನೆಯದು. 2015ರ ಡಿಸೆಂಬರ್ 15ರಂದು ಕಝಾಕಸ್ತಾನದ ಬೈಕನೂರು ಉಡಾವಣಾ ನೆಲೆಯಿಂದ ಹಾರಿ ನಿಲ್ದಾಣದ ಹತ್ತಿರ ಹೋದಾಗ ಸ್ವಯಂಚಾಲಿತ ಜೋಡಣೆಯ ವ್ಯವಸ್ಥೆ ಕೈಕೊಟ್ಟಿತು. ಮಲೆಂಚೆಂಕೊ ಅವರು ನೌಕೆಯನ್ನು ಕೈಯಾರೆ ನಡೆಸಿ ಸೇರಿಸಿದರು. ಮೂರು ಸಾವಿರ ಗಂಟೆ ಹಾರಿಸಿದ ಪೈಲಟ್ಟು, ಮಂಡಿ ಮಡಿಸಿಕೊಂಡು, ಮತ್ತೊಬ್ಬರ ಕೈಯಲ್ಲಿ ಚುಕ್ಕಾಣಿ ಇರುವಾಗ ಪಕ್ಕದಲ್ಲಿ ಕುಳಿತು ತನ್ನ ಪಾಲಿನ ಅಂಕಿಗಳನ್ನು ನೋಡುತ್ತ ಇರಬೇಕು. ಕೋಶದ ಆ ಪುಟ್ಟ ದುಂಡು ಕಿಟಕಿಯ ಮುಂದೆ ನಿಂತಾಗ ನನ್ನ ಮನಸ್ಸಿಗೆ ಬಂದದ್ದು ಪೀಕ್ ನಿಲ್ದಾಣದೊಳಗೆ ಓಡಿದ ಮ್ಯಾರಥಾನ್ ಓಟವೂ ಅಲ್ಲ, ಅವರ ಬಾಹ್ಯಾಕಾಶ ನಡಿಗೆಯೂ ಅಲ್ಲ, ಆ ಸುಮ್ಮನಿರುವಿಕೆ. ಟೆಸ್ಟ್ ಪೈಲಟ್‌ಗಳು ಅದನ್ನೂ ಬೋಸ್ಕಂಬ್ ಡೌನ್‌ನಲ್ಲಿ ಕಲಿಯುತ್ತಾರೋ ಏನೋ. 2022ರಲ್ಲಿ ಐರೋಪ್ಯ ಸಂಸ್ಥೆ ಆರಿಸಿದ ಫ್ರಾನ್ಸಿನ ವಾಯುಪಡೆಯ ಸೋಫಿ ಅಡೆನೊ ಕೂಡ ಅದೇ ಶಾಲೆಯಲ್ಲಿ 2018ರಲ್ಲಿ ತೇರ್ಗಡೆಯಾದ ಹೆಲಿಕಾಪ್ಟರ್ ಟೆಸ್ಟ್ ಪೈಲಟ್. 2025ರ ಜೂನ್‌ನಲ್ಲಿ ನಿಲ್ದಾಣಕ್ಕೆ ಹೋಗಿ ಜುಲೈನಲ್ಲಿ ಮರಳಿದ ನಮ್ಮ ಶುಭಾಂಶು ಶುಕ್ಲಾ ಅವರೂ ಟೆಸ್ಟ್ ಪೈಲಟ್ಟೇ. ಆ ಪಯಣದಲ್ಲಿ ಅವರ ಜೊತೆಗಿದ್ದ ಪೋಲೆಂಡಿನ ಸ್ವಾವೋಶ್ ಉಜ್ನಾನ್ಸ್ಕಿ ಐರೋಪ್ಯ ಸಂಸ್ಥೆಯವರು, ವೃತ್ತಿಯಿಂದ ಎಂಜಿನಿಯರ್.

ಕೆಲವು ವರ್ಷಗಳ ಹಿಂದೆ ಬೇರೊಂದು ಊರಿನ ಪ್ರದರ್ಶನದಲ್ಲಿ, ಹೆಸರು ಬೇಡ, ಕಣ್ಣಿಗೆ ಪೆಟ್ಟಿಗೆಯಂಥದ್ದನ್ನು ಕಟ್ಟಿಸಿಕೊಂಡು ಬಾಹ್ಯಾಕಾಶ ತೋರಿಸುತ್ತೇವೆಂದವರಿಗೆ ದುಡ್ಡು ಕೊಟ್ಟು, ನನ್ನ ಕನ್ನಡಕ ಮಂಜಾಗಿ, ತಲೆ ತಿರುಗಿ, ಏನೂ ಕಾಣದೆ ಹೊರಬಂದಿದ್ದೆ. ಅದಕ್ಕೆ ಹೋಲಿಸಿದರೆ ಇಲ್ಲಿ ಅಲುಗಾಡುವುದು ಏನೂ ಇಲ್ಲ, ಒಂದು ಸುಟ್ಟ ಲೋಹದ ಗಂಟೆ ನಿಂತಿದೆ, ಅಷ್ಟೇ. ಆದರೆ ಅದು ನಿಜವಾಗಿ ಹೋಗಿ ಬಂದದ್ದು. ಮುಂದಿನಿಂದ ಒಂದು ಫೋಟೊ ತೆಗೆದು ನಡೆದುಬಿಡಬೇಡಿ. ಸುತ್ತ ಎಷ್ಟು ಬರಲು ಆಗುವುದೋ ಅಷ್ಟೂ ಬಂದು, ಸುಟ್ಟ ಗುರುತು ಒಂದೊಂದು ಮಗ್ಗುಲಲ್ಲಿ ಒಂದೊಂದು ಬಗೆ ಇರುವುದನ್ನು ನೋಡಿ. ಸಮಯ ಉಳಿದರೆ ಅದೇ ಕಟ್ಟಡದಲ್ಲಿರುವ ಅಮೆರಿಕದ ಅಪೊಲೊ 10ರ ಕೋಶವನ್ನೂ ಹುಡುಕಿ ನೋಡಿದರೆ ಎರಡು ದೇಶಗಳ ಎಂಜಿನಿಯರುಗಳ ಕೈಬರಹದ ವ್ಯತ್ಯಾಸ ತಿಳಿಯುತ್ತದೆ.

ಮರಳುವಾಗ ಪ್ಯಾಡಿಂಗ್ಟನ್ ಕಡೆಯ ರೈಲಿನಲ್ಲಿ ಮೊಮ್ಮಗ ಶೂ ಬಿಚ್ಚಿ, ಸೀಟಿನ ಮೇಲೆ ಮಂಡಿಗಳನ್ನು ಎದೆಗೆ ಎಳೆದುಕೊಂಡು, ನನ್ನ ಭುಜಕ್ಕೆ ಭುಜ ಒತ್ತಿ ಕುಳಿತ. ಮೂರೂವರೆ ಗಂಟೆ ಹೀಗೆಯೇ ಇರುತ್ತೇನೆ, ನೀವು ಗಡಿಯಾರ ನೋಡಿ ತಾತ ಎಂದ. ನಾಟಿಂಗ್ ಹಿಲ್ ಗೇಟ್ ಬರುವಷ್ಟರಲ್ಲಿ ಕಾಲು ಜೋಮು ಹಿಡಿದು ಇಳಿಬಿಟ್ಟ. ಗಡಿಯಾರದಲ್ಲಿ ಒಂಬತ್ತು ನಿಮಿಷ ಆಗಿತ್ತು.