ಮನೆಯಲ್ಲೇ ಓದುವ ಮಕ್ಕಳಿಗೆ ಎನ್‌ಐಒಎಸ್: ಮಲೆನಾಡಿನವರು ಸೇರಿಸುವ ಮುನ್ನ

ಮೂಡಿಗೆರೆ, ಕೊಪ್ಪ, ಸಕಲೇಶಪುರ ಸುತ್ತಿನ ತೋಟದ ಮನೆಗಳಲ್ಲಿ ಮಗುವನ್ನು ಮನೆಯಲ್ಲೇ ಓದಿಸೋಣವೇ ಎಂಬ ಮಾತು ಬಂದಾಗ ಕೊನೆಗೆ ಉಳಿಯುವುದು ಒಂದೇ ಪ್ರಶ್ನೆ: ಹತ್ತನೇ ತರಗತಿಯ ಸರ್ಟಿಫಿಕೇಟಿಗೆ ಏನು ಮಾಡುವುದು? ಹಲವರು ಹಿಡಿಯುವ ದಾರಿ ಎನ್‌ಐಒಎಸ್. 1989ರಲ್ಲಿ ಶುರುವಾದ, ಕೇಂದ್ರ ಸರ್ಕಾರದ ಮುಕ್ತ ಶಾಲಾ ಬೋರ್ಡ್ ಇದು. ಪರೀಕ್ಷೆ ನಡೆಸುವ ಬೋರ್ಡ್ ಆಗಿ ಇದನ್ನು ಧೈರ್ಯವಾಗಿ ಒಪ್ಪಬಹುದು. ಶಾಲೆಯಿಂದ ಸಿಗುವ ಕಾಗದಪತ್ರಗಳನ್ನೂ ಇದೇ ಕೊಡುತ್ತದೆ ಎಂದು ನಂಬಿ ಕೂತವರಿಗೆ ಮುಂದೆ ಪೆಟ್ಟು ಬೀಳುತ್ತದೆ.

ಸೇರುವುದು ಸುಲಭ. ಮಗುವಿಗೆ 14 ತುಂಬಿರಬೇಕು. ಟಿ.ಸಿ. ಇಲ್ಲದಿದ್ದರೂ ನಡೆಯುತ್ತದೆ, ಎಂಟನೇ ತರಗತಿ ಮಟ್ಟದ ಓದು ಆಗಿದೆ ಎಂಬ ಸ್ವಯಂ ಘೋಷಣೆ ಸಾಕು. ಅರ್ಜಿಯಲ್ಲಿ ಹೆಸರು ತುಂಬುವಾಗ ಮಾತ್ರ ನಿಧಾನ ಇರಲಿ. ನಮ್ಮ ಕಡೆ ಇನಿಷಿಯಲ್ ಜನನ ಪ್ರಮಾಣಪತ್ರದಲ್ಲಿ ಹಿಂದೆ, ಆಧಾರ್‌ನಲ್ಲಿ ಮುಂದೆ ಇರುವುದು ಸಾಮಾನ್ಯ. ಮೊದಲು ಆಧಾರ್ ಸರಿಮಾಡಿಸಿ, ಆಮೇಲೆ ಅರ್ಜಿ ಹಾಕಿ. ಅಂಕಪಟ್ಟಿ ಬಂದ ಮೇಲೆ ತಿದ್ದಿಸುವುದು ದೊಡ್ಡ ತಲೆನೋವು.

ಕನಿಷ್ಠ 5 ವಿಷಯ, ಅದರಲ್ಲಿ ಒಂದಾದರೂ ಭಾಷೆ. ಕನ್ನಡ (ವಿಷಯ ಕೋಡ್ 208), ಇಂಗ್ಲಿಷ್ (202), ಗಣಿತ (211), ವಿಜ್ಞಾನ (212), ಸಮಾಜ ವಿಜ್ಞಾನ (213) ತೆಗೆದುಕೊಂಡರೆ ಮುಂದೆ ಯಾವ ಬಾಗಿಲೂ ಮುಚ್ಚುವುದಿಲ್ಲ. ಗಣಿತ ಬಿಟ್ಟು ಚಿತ್ರಕಲೆ, ಗೃಹ ವಿಜ್ಞಾನ ಹಿಡಿದೂ ಪಾಸಾಗಬಹುದು. ಪಿಯು ವಿಜ್ಞಾನದ ಆಸೆ ಇದ್ದರೆ ಆ ಕೆಲಸಕ್ಕೆ ಹೋಗಬೇಡಿ. ಪಾಸಿಗೆ 33 ಅಂಕ. ಒಮ್ಮೆ ಸೇರಿದರೆ 5 ವರ್ಷ, 9 ಅವಕಾಶ. ಪಾಸಾದ ವಿಷಯ ಹಾಗೇ ಉಳಿಯುತ್ತದೆ, ಉಳಿದದ್ದನ್ನು ಮುಂದಿನ ಸಲ ಬರೆಯಬಹುದು. ಕಾಯಿಲೆಯಿಂದ ಶಾಲೆ ತಪ್ಪಿದ ಮಕ್ಕಳಿಗೆ, ಓದು ನಿಧಾನ ಇರುವವರಿಗೆ, ಕ್ರೀಡಾ ತರಬೇತಿಯಲ್ಲಿರುವವರಿಗೆ ಇಷ್ಟು ಉಸಿರಾಡಲು ಬಿಡುವ ಇನ್ನೊಂದು ವ್ಯವಸ್ಥೆ ಸಿಗುವುದು ಕಷ್ಟ.

ಎಡವುವುದು ಅಸೈನ್‌ಮೆಂಟಿನಲ್ಲಿ, ಅಂದರೆ ಮನೆಯಲ್ಲೇ ಬರೆದು ಆನ್‌ಲೈನಲ್ಲಿ ಕಳಿಸಬೇಕಾದ ಉತ್ತರಗಳಲ್ಲಿ. ಪ್ರತಿ ವಿಷಯಕ್ಕೂ 20 ಅಂಕದ್ದೊಂದು: 2 ಅಂಕದ ಮೂರು ಪ್ರಶ್ನೆ, 4 ಅಂಕದ ಎರಡು, ಕೊನೆಯದು 6 ಅಂಕದ ಪ್ರಾಜೆಕ್ಟ್. ಅಂತಿಮ ಫಲಿತಾಂಶದಲ್ಲಿ ಇದಕ್ಕೆ ಶೇ 20 ಪಾಲು. ಅಕ್ಟೋಬರ್ ಪರೀಕ್ಷೆಗೆ ಕೂರುವವರ ಅಸೈನ್‌ಮೆಂಟ್ ಸಾಮಾನ್ಯವಾಗಿ ಜುಲೈ ಕೊನೆಗೆ ಮುಗಿಯಬೇಕು. ಜುಲೈ ಅಂದರೆ ನಮ್ಮಲ್ಲಿ ಮರ ಬಿದ್ದು ಕರೆಂಟ್ ಹೋದರೆ ಮೂರು ದಿನ ಬಾರದ, ಟವರ್ ಸತ್ತೇ ಹೋಗುವ ತಿಂಗಳು. ಮೇ ತಿಂಗಳಲ್ಲೇ ಬರೆಸಿ, ಬಿಸಿಲಿನ ಬೆಳಕಲ್ಲಿ ಸ್ಕ್ಯಾನ್ ಮಾಡಿ, ಪಿಡಿಎಫ್ ಸಿದ್ಧ ಇಟ್ಟುಕೊಳ್ಳಿ. ಜೂನ್ ಮೋಡದಲ್ಲಿ ಮೊಬೈಲಲ್ಲಿ ತೆಗೆದ ಪುಟ ಮಸುಕಾಗಿ ಪೆನ್ಸಿಲ್ ಗೆರೆಗಳೇ ಕಾಣುವುದಿಲ್ಲ.

ಪರೀಕ್ಷೆಗಳು ದಿನ ಬಿಟ್ಟು ದಿನ ನಡೆಯುವುದಿಲ್ಲ. 5 ವಿಷಯ ಒಂದು ತಿಂಗಳಿಗೂ ಮೀರಿ ಹರಡಬಹುದು. ಕೇಂದ್ರ ಬೇರೆ ಊರಲ್ಲಿ ಬಿದ್ದರೆ ಅಷ್ಟು ಸಲ ಬಸ್ಸು ಹತ್ತಬೇಕು. ಒಂದು ಸಲಕ್ಕೆ 2–3 ವಿಷಯವಷ್ಟೇ ಕಟ್ಟುವುದು ವಾಸಿ. ಏಪ್ರಿಲ್ ಪರೀಕ್ಷೆಯ ಫಲಿತಾಂಶ ಬರುವ ಹೊತ್ತಿಗೆ ಪಿಯು ದಾಖಲಾತಿ ಅರ್ಧ ಮುಗಿದಿರುತ್ತದೆ. ಹಾಗಾಗಿ ಹಿಂದಿನ ಅಕ್ಟೋಬರಿಗೇ ಕೊನೆಯ ವಿಷಯ ಮುಗಿಯುವಂತೆ ಲೆಕ್ಕ ಹಾಕಿ.

ಇನ್ನು ಸಿಇಟಿ, ಅಂದರೆ ಎಂಜಿನಿಯರಿಂಗ್‌ನಂಥ ಕೋರ್ಸುಗಳ ಸೀಟಿಗೆ ರಾಜ್ಯ ನಡೆಸುವ ಪ್ರವೇಶ ಪರೀಕ್ಷೆಯ ವಿಷಯ. ತುಂಬಾ ಜನ ತಡವಾಗಿ ಕಣ್ಣುಬಿಡುವುದು ಇಲ್ಲಿ. ಸಾಮಾನ್ಯ ನಿಯಮದಲ್ಲಿ ಒಂದನೇ ತರಗತಿಯಿಂದ ದ್ವಿತೀಯ ಪಿಯುವರೆಗೆ ಕನಿಷ್ಠ 7 ವರ್ಷ ಕರ್ನಾಟಕದ ಮಾನ್ಯತೆ ಪಡೆದ ಶಾಲೆ-ಕಾಲೇಜಿನಲ್ಲಿ ಓದಿರಬೇಕು, ಅದಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿಯಿರುವ ವ್ಯಾಸಂಗ ಪ್ರಮಾಣಪತ್ರ ತೋರಿಸಬೇಕು. ಮಗು 1ರಿಂದ 5 ಶಾಲೆಯಲ್ಲಿ ಓದಿ, 6ರಿಂದ 10 ಮನೆಯಲ್ಲಿದ್ದು, ಮತ್ತೆ ಎರಡು ವರ್ಷ ಪಿಯು ಕಾಲೇಜಿಗೆ ಹೋದರೆ 5+2, ಲೆಕ್ಕ ಸರಿಹೋಗುತ್ತದೆ. ಮೂರನೇ ತರಗತಿ ಮುಗಿಯುತ್ತಲೇ ಬಿಡಿಸಿದರೆ 3+2, ಎರಡು ವರ್ಷ ಕಡಿಮೆ ಬೀಳುತ್ತದೆ. ಗ್ರಾಮೀಣ ಮೀಸಲಾತಿಯದು ಇನ್ನೂ ಬಿಗಿ: 1ರಿಂದ 10 ಪೂರ್ತಿ ಗ್ರಾಮೀಣ ಶಾಲೆಯಲ್ಲೇ ಓದಿರಬೇಕು. ಕನ್ನಡ ಮಾಧ್ಯಮದ ಮೀಸಲಾತಿಗೂ ಅದೇ ಹತ್ತು ವರ್ಷ. ಎಂಜಿನಿಯರಿಂಗ್ ಸೀಟಿನಲ್ಲಿ ಗ್ರಾಮೀಣರಿಗೆ ಶೇ 15, ಕನ್ನಡ ಮಾಧ್ಯಮಕ್ಕೆ ಶೇ 5 ಇದೆ. ಹಳ್ಳಿಯಲ್ಲೇ ಹುಟ್ಟಿ, ಹಳ್ಳಿಯಲ್ಲೇ ಬೆಳೆದು, ಹಳ್ಳಿಯ ಮನೆಯಲ್ಲೇ ಓದಿದ ಮಗು ಕಾಗದದಲ್ಲಿ ಗ್ರಾಮೀಣ ವಿದ್ಯಾರ್ಥಿ ಆಗುವುದಿಲ್ಲ. ಇದು ಅನ್ಯಾಯವೇ. ಆದರೆ ಅರ್ಜಿ ಹಾಕುವ ದಿನ ಎಷ್ಟು ವಾದಿಸಿದರೂ ಪ್ರಯೋಜನವಿಲ್ಲ.

ಆದ್ದರಿಂದ ಊರಿನ ಸರ್ಕಾರಿ ಶಾಲೆ ನಡೆದು ಹೋಗುವಷ್ಟು ಹತ್ತಿರವಿದ್ದು, ಎಂಜಿನಿಯರಿಂಗ್ ಅಥವಾ ಬಿಎಸ್ಸಿ ಕೃಷಿಯ ಯೋಚನೆ ಇದ್ದರೆ ಶಾಲೆಯೇ ಇರಲಿ, ಸಂಜೆ ಮನೆಯಲ್ಲಿ ಬೇಕಾದ್ದು ಕಲಿಸಿ. ಈಗಾಗಲೇ ಬಿಡಿಸಿದ್ದು, ಮಗುವಿಗೆ 14 ತುಂಬದಿದ್ದರೆ ಇನ್ನೂ ದಾರಿ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ಟಿ.ಸಿ. ಇಲ್ಲವೆಂದು ವಾಪಸ್ ಕಳಿಸುವಂತಿಲ್ಲ. ಮುಖ್ಯೋಪಾಧ್ಯಾಯರು ಹಿಂದೆಮುಂದೆ ನೋಡಿದರೆ ಜನನ ಪ್ರಮಾಣಪತ್ರ ಹಿಡಿದು ತಾಲ್ಲೂಕಿನ ಬಿಇಒ ಕಚೇರಿಗೆ ಲಿಖಿತ ಅರ್ಜಿ ಕೊಟ್ಟು, ಸ್ವೀಕೃತಿಯ ಸೀಲು ಹಾಕಿಸಿಕೊಂಡು ಬನ್ನಿ.